ಗಾದಿಯ ಮೇಲೊಂದು ಮಣೆ

ಚೌಕಿಪೇಟೆಯ ಜವಳಿ ಅಂಗಡಿಯಲ್ಲಿ ನಾನು ಕೂರುವ ಜಾಗ ಗಾದಿ. ಬಿಳಿ ಬಟ್ಟೆ ಹೊದಿಸಿದ ಹತ್ತಿಯ ಹಾಸು, ಬೆನ್ನಿಗೊಂದು ಲೋಡು, ಎದುರಿಗೆ ಮೊಣಕಾಲೆತ್ತರದ ಡೆಸ್ಕು. ಡೆಸ್ಕಿನ ತುಂಬ ಸಾಹುಕಾರರ ಬಿಲ್ ಪುಸ್ತಕ, ಕತ್ತರಿ, ಮೀಟರ್ ಕೋಲು, ಗಿರಾಕಿಗಳಿಗೆ ತೋರಿಸಿ ಮಡಿಸದೆ ಬಿಟ್ಟ ರವಿಕೆ ಕಣಗಳು. ನನ್ನ ಲ್ಯಾಪ್‌ಟಾಪಿಗೆ ಅಲ್ಲಿ ಜಾಗವಿರಲಿಲ್ಲ. ಹಾಗಾಗಿ ಹೆಚ್ಚು ಕಡಿಮೆ ಮೂರು ವರ್ಷ ಅದನ್ನು ಗಾದಿಯ ಮೇಲೆಯೇ ಇಟ್ಟುಕೊಂಡು ಲೆಕ್ಕ ಬರೆದೆ. ಮೆತ್ತಗಿನ ಹಾಸು, ಯಂತ್ರಕ್ಕೂ ಪೆಟ್ಟು ಬೀಳುವುದಿಲ್ಲ ಎಂದುಕೊಂಡಿದ್ದೆ. ಆ ಹಾಸೇ ನನ್ನ ಮೊದಲ ಬ್ಯಾಟರಿಯನ್ನು ದಿನಕ್ಕಿಷ್ಟರಂತೆ ಬೇಯಿಸಿತು.

ದಾವಣಗೆರೆಯಲ್ಲಿ ನಾಲ್ಕು ಅಂಗಡಿಗಳ ಲೆಕ್ಕ ನನ್ನ ಕೈಯಲ್ಲಿದೆ. ಚೌಕಿಪೇಟೆಯ ಈ ಜವಳಿ ಅಂಗಡಿ, ಮಂಡಿಪೇಟೆಯ ಎಣ್ಣೆ ವ್ಯಾಪಾರ, ಪಿ.ಬಿ. ರಸ್ತೆಯ ಹಾರ್ಡ್‌ವೇರ್ ಅಂಗಡಿ, ವಿದ್ಯಾನಗರದ ಒಂದು ಔಷಧಿ ಅಂಗಡಿ. 2017ರ ಜುಲೈ 1ರಂದು ಜಿಎಸ್‌ಟಿ ಬಂದ ಮೇಲೆ ತಿಂಗಳೆಂದರೆ ನನಗೆ ಎರಡು ತಾರೀಖು. 11ಕ್ಕೆ ಮಾರಾಟದ ವಿವರ, 20ಕ್ಕೆ ತೆರಿಗೆ ಲೆಕ್ಕ ಒಪ್ಪಿಸುವ 3ಬಿ ರಿಟರ್ನ್. ಈ ಎರಡು ದಿನಗಳ ಹಿಂದುಮುಂದು ಲ್ಯಾಪ್‌ಟಾಪ್ ಕೈಕೊಟ್ಟರೆ ದಂಡ ಮತ್ತು ಬಡ್ಡಿ ಬೀಳುವುದು ಸಾಹುಕಾರರಿಗೆ. ಮಾತು ಬೀಳುವುದು ನನಗೆ.

2022ರ ಏಪ್ರಿಲ್ 19ರ ಸಂಜೆ. ಖರೀದಿ ಪುಸ್ತಕವನ್ನೂ, ಮಾರಿದವರು ಸಲ್ಲಿಸಿದ ವಿವರದಿಂದ ಜಿಎಸ್‌ಟಿ ಜಾಲತಾಣ ಕೊಡುವ 2ಬಿ ಪಟ್ಟಿಯನ್ನೂ ಎಕ್ಸೆಲ್ ಹಾಳೆಯಲ್ಲಿ ಸಾಲುಸಾಲಾಗಿ ತಾಳೆ ನೋಡುತ್ತಿದ್ದೆ. ಸೂರತ್ತಿನಿಂದ ಬಂದ ಸೀರೆ ಬಿಲ್ಲುಗಳೇ ನೂರಕ್ಕೂ ಹೆಚ್ಚು. ಮೂಲೆಯಲ್ಲಿ ಬ್ಯಾಟರಿ 100 ಎಂದು ತೋರಿಸುತ್ತಿತ್ತು, ಚಾರ್ಜರ್ ಎಂದಿನಂತೆ ಸಿಕ್ಕಿಸಿಯೇ ಇತ್ತು. ಕರೆಂಟ್ ಹೋಯಿತು. ಹೋದರೆ ಹೋಗಲಿ, ಬ್ಯಾಟರಿ ಇದೆಯಲ್ಲ ಎಂದು ಕೆಲಸ ಮುಂದುವರಿಸಿದೆ. ಹನ್ನೊಂದು ನಿಮಿಷಕ್ಕೆ ಸಂಖ್ಯೆ 43ಕ್ಕೆ ಇಳಿಯಿತು. ಆಮೇಲೆ ಯಾವ ಎಚ್ಚರಿಕೆಯೂ ಇಲ್ಲದೆ ಪರದೆ ಕಪ್ಪಾಯಿತು. ಮೂರು ಗಂಟೆಯ ತಾಳೆ ಹೋಯಿತು. ಆ ರಾತ್ರಿ ಮನೆಯಲ್ಲಿ ಮೊದಲಿನಿಂದ ಕೂತು ಮುಗಿಸುವಾಗ ಬೆಳಗಿನ ಜಾವದ ಮೂರು ಗಂಟೆ.

ಮರುದಿನ ರಿಟರ್ನ್ ಸಲ್ಲಿಸಿ, ಅಶೋಕ ರಸ್ತೆಯ ಕಡೆ ನಮ್ಮ ಪರಿಚಯದ ರಿಪೇರಿ ಅಂಗಡಿಗೆ ಹೋದೆ. ಆ ಹುಡುಗನಿಗೆ ಇಪ್ಪತ್ತೈದರ ಆಸುಪಾಸು. ಮಾತು ಕಡಿಮೆ, ಕೈ ಚುರುಕು. ನಾನು ಕಥೆ ಹೇಳುತ್ತಿದ್ದಂತೆಯೇ ಅವನು ಲ್ಯಾಪ್‌ಟಾಪಿನ ಟಚ್‌ಪ್ಯಾಡನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದ.

“ಅಕ್ಕಾ, ಇದು ಎಷ್ಟು ದಿನದಿಂದ ಹೀಗೆ ಗಟ್ಟಿಯಾಗಿದೆ?”

ತಿಂಗಳಿಗೂ ಮೇಲಾಗಿತ್ತು. ಎಡಗಡೆ ಒತ್ತಿದರೆ ಕ್ಲಿಕ್ ಆಗುತ್ತಿರಲಿಲ್ಲ. ಧೂಳು ಸೇರಿರಬೇಕೆಂದು ನಾನು ಮೌಸ್ ಹಾಕಿಕೊಂಡಿದ್ದೆ.

ಅವನು ತಳದ ತಿರುಪುಗಳನ್ನು ಬಿಚ್ಚಿ ಒಂದು ಉಕ್ಕಿನ ಮುಚ್ಚಳದಲ್ಲಿ ಅವು ಇದ್ದ ಕ್ರಮದಲ್ಲೇ ಜೋಡಿಸಿಟ್ಟ. ಮೊದಲು ಚಾರ್ಜರ್ ತೆಗೆದಿದ್ದಾನೆಯೇ ಎಂದು ಮತ್ತೊಮ್ಮೆ ನೋಡಿಕೊಂಡ. ಬ್ಯಾಟರಿಯನ್ನು ಹೊರತೆಗೆದು ಮೇಜಿನ ಮೇಲಿಟ್ಟು, ಅದರ ಮೇಲೆ ಅಡ್ಡಲಾಗಿ ಒಂದು ಸ್ಟೀಲ್ ಸ್ಕೇಲ್ ಇಟ್ಟ. ಸಪಾಟಾಗಿ ಕೂರಬೇಕಿದ್ದ ಸ್ಕೇಲು ತಕ್ಕಡಿಯ ದಂಡಿಗೆಯ ಹಾಗೆ ಆ ಕಡೆ ಈ ಕಡೆ ತೂಗಿತು. ನಾಲ್ಕು ಸೆಲ್‌ಗಳಲ್ಲಿ ನಡುವಿನದೊಂದು ಎಣ್ಣೆಯಲ್ಲಿ ಬಿಟ್ಟ ಪೂರಿಯಂತೆ ಉಬ್ಬಿತ್ತು. ಟಚ್‌ಪ್ಯಾಡನ್ನು ಕೆಳಗಿನಿಂದ ಎತ್ತಿ ಹಿಡಿದಿದ್ದು ಅದೇ.

ಉಬ್ಬಿದ ಬ್ಯಾಟರಿಯೊಳಗಿರುವುದು ಅನಿಲ, ಸುತ್ತ ಇರುವುದು ಬೆಂಕಿ ಹತ್ತಬಲ್ಲ ದ್ರವ. ಅದನ್ನು ಒತ್ತಬಾರದು, ಚುಚ್ಚಬಾರದು, ಇನ್ನೊಮ್ಮೆ ಚಾರ್ಜಿಗೆ ಹಾಕಲೇಬಾರದು. ಇಷ್ಟನ್ನು ಅವನು ನನಗೆ ಹೇಳಿ, ಅದನ್ನು ಅಂಗಡಿಯ ಹೊರಗಿದ್ದ ಒಣ ಮರಳಿನ ತಗಡಿನ ಡಬ್ಬಿಯಲ್ಲಿಟ್ಟು ಬಂದ. ನಿಮ್ಮ ಲ್ಯಾಪ್‌ಟಾಪಿನ ಟಚ್‌ಪ್ಯಾಡ್ ಗಟ್ಟಿಯಾಗಿದ್ದರೆ, ಮುಚ್ಚಳ ಸರಿಯಾಗಿ ಕೂರದಿದ್ದರೆ, ಮೇಜಿನ ಮೇಲಿಟ್ಟಾಗ ತಳ ಅಲುಗಾಡಿದರೆ ದಯವಿಟ್ಟು ಇಂದೇ ತೆಗೆದು ತೋರಿಸಿ. ನಾನು ಒಂದು ತಿಂಗಳು ಅದನ್ನು ತೊಡೆಯ ಪಕ್ಕದಲ್ಲೇ ಇಟ್ಟುಕೊಂಡಿದ್ದೆ ಎಂಬುದು ನೆನಪಾದರೆ ಈಗಲೂ ಎದೆ ಝಲ್ಲೆನ್ನುತ್ತದೆ.

ಆಮೇಲೆ ಅವನು ಫ್ಯಾನ್ ಬಿಚ್ಚಿದ. ಬಿಸಿಗಾಳಿ ಹೊರಹೋಗುವ ತಾಮ್ರದ ಜಾಲರಿಯ ಒಳಬದಿಗೆ ಒಂದು ಪದರ ಅಂಟಿಕೊಂಡಿತ್ತು. ಚಿಮಟದಲ್ಲಿ ಹಿಡಿದು ಎಳೆದಾಗ ಅದು ಪುಡಿಯಾಗಿ ಉದುರಲಿಲ್ಲ, ಕಂಬಳಿಯ ತುಂಡಿನ ಹಾಗೆ ಇಡಿಯಾಗಿ ಬಂತು. ಬೂದು ಬಣ್ಣ, ನಡುನಡುವೆ ಕೆಂಪು, ಹಸಿರು ಎಳೆಗಳು. ಥಾನು ಬಿಚ್ಚಿ ಮಡಿಸುವಾಗ ಏಳುವ ನೂಲಿನ ಧೂಳು ಮೂರು ವರ್ಷದಲ್ಲಿ ಒಳಗೆ ಕೂತು ಬಟ್ಟೆಯೇ ಆಗಿತ್ತು. ಕೆಳಗೆ ಗಾದಿ ಗಾಳಿ ಒಳಗೆ ಬರಲು ಬಿಟ್ಟಿಲ್ಲ, ಒಳಗೆ ಈ ಪದರ ಬಿಸಿ ಹೊರಗೆ ಹೋಗಲು ಬಿಟ್ಟಿಲ್ಲ. ಮೇಲೆ ತಗಡಿನ ಸೂರು, ಹೊರಗೆ 38 ಡಿಗ್ರಿಯ ದಾವಣಗೆರೆಯ ಏಪ್ರಿಲ್.

“ಸದಾ ಚಾರ್ಜಿನಲ್ಲಿಟ್ಟೇ ಕೆಲಸ ಮಾಡುತ್ತೀರಾ?” ಎಂದು ಕೇಳಿದ. ಹೌದೆಂದೆ. “ಅದಕ್ಕೇ” ಎಂದ, ಅಷ್ಟೇ.

ಆ “ಅದಕ್ಕೇ” ನನ್ನನ್ನು ಬಹಳ ದಿನ ಕಾಡಿತು. ಏಕೆಂದರೆ ಸದಾ ತುಂಬಿಸಿಡಬೇಕು ಎಂಬುದನ್ನು ನಾನು ಕಲಿತದ್ದು ಅನುಭವಸ್ಥರಿಂದಲೇ. ನಮ್ಮ ಸಾಹುಕಾರರ ಅಂಗಡಿಯಲ್ಲಿ ಇನ್ವರ್ಟರ್ ಇದೆ. ಅದರ ಬ್ಯಾಟರಿಗೆ ಡಿಸ್ಟಿಲ್ಡ್ ನೀರು ಹಾಕಿಸುವುದನ್ನು ಅವರು ಒಮ್ಮೆಯೂ ಮರೆತವರಲ್ಲ. “ಬ್ಯಾಟರಿ ಖಾಲಿ ಬಿಟ್ಟರೆ ಸತ್ತಿತು, ಯಾವಾಗಲೂ ತುಂಬಿರಲಿ ತಾಯಿ” ಎನ್ನುತ್ತಿದ್ದರು. ಮನೆಯಲ್ಲಿ ನನ್ನ ಅಣ್ಣ ಇದಕ್ಕೆ ತದ್ವಿರುದ್ಧ. ಪೂರ್ತಿ ಸೊನ್ನೆಗೆ ಇಳಿಸಿಯೇ ಚಾರ್ಜ್ ಮಾಡಬೇಕು, ಅರ್ಧಕ್ಕೆ ಹಾಕಿದರೆ ಬ್ಯಾಟರಿಗೆ ಅರ್ಧವೇ ಅಭ್ಯಾಸವಾಗುತ್ತದೆ ಎಂದು ಅವನ ವಾದ. ಇಬ್ಬರೂ ಸುಳ್ಳು ಹೇಳುವವರಲ್ಲ. ಹಾಗಾದರೆ ಯಾರದು ಸರಿ?

ಉತ್ತರ ಸಿಕ್ಕಿದ್ದು ಮಗಳ ದ್ವಿತೀಯ ಪಿಯುಸಿ ರಸಾಯನಶಾಸ್ತ್ರದ ಪುಸ್ತಕದಲ್ಲಿ. ವಿದ್ಯುತ್ ರಸಾಯನದ ಪಾಠದಲ್ಲಿ ಮತ್ತೆ ಮತ್ತೆ ಚಾರ್ಜ್ ಮಾಡಬಹುದಾದ ಕೋಶಗಳ ಭಾಗವಿದೆ. ಅಲ್ಲಿ ಒಂದು ಸೀಸದ ಬ್ಯಾಟರಿ, ಇನ್ನೊಂದು ನಿಕ್ಕಲ್-ಕ್ಯಾಡ್ಮಿಯಂ. ಓದುತ್ತಾ ಹೋದಂತೆ ಸಾಹುಕಾರರೂ ಅಣ್ಣನೂ ಅದೇ ಪುಟಗಳಲ್ಲಿ ಕಾಣಿಸಿದರು. ಇನ್ವರ್ಟರಿನದು ಸೀಸದ ಬ್ಯಾಟರಿ. ಅದನ್ನು ಖಾಲಿ ಬಿಟ್ಟರೆ ಫಲಕಗಳ ಮೇಲೆ ಸೀಸದ ಸಲ್ಫೇಟ್ ಗಟ್ಟಿಯಾಗಿ ಹರಳುಗಟ್ಟುತ್ತದೆ, ಮತ್ತೆ ಕರಗುವುದಿಲ್ಲ. ಅದಕ್ಕೆ ತುಂಬಿರುವುದೇ ಆರೋಗ್ಯ. ಅಣ್ಣ ಹೇಳುವ ‘ಅಭ್ಯಾಸ’ ನಿಕ್ಕಲ್-ಕ್ಯಾಡ್ಮಿಯಂ ಬ್ಯಾಟರಿಯದು. ಹಳೆಯ ಕಾರ್ಡ್‌ಲೆಸ್ ಫೋನುಗಳಲ್ಲಿ, ಡ್ರಿಲ್ಲಿಂಗ್ ಯಂತ್ರಗಳಲ್ಲಿ ಅವೇ ಇರುತ್ತಿದ್ದವು. ಅವುಗಳನ್ನು ಆಗಾಗ ಪೂರ್ತಿ ಇಳಿಸಬೇಕಿತ್ತು. ಇಬ್ಬರ ಮಾತೂ ತಮ್ಮ ತಮ್ಮ ಬ್ಯಾಟರಿಗೆ ಸತ್ಯ. ನನ್ನ ಲ್ಯಾಪ್‌ಟಾಪಿನಲ್ಲಿದ್ದದ್ದು ಮಾತ್ರ ಮೂರನೆಯದು, ಲಿಥಿಯಂ-ಅಯಾನ್. ಅದರ ಸ್ವಭಾವವೇ ಬೇರೆ.

ಇದು ಮಾರುಕಟ್ಟೆಗೆ ಬಂದದ್ದು 1991ರಲ್ಲಿ, ಸೋನಿ ಕಂಪನಿಯ ಮೂಲಕ. ಇದನ್ನು ರೂಪಿಸಿದ ಜಾನ್ ಗುಡ್‌ಇನಫ್, ಸ್ಟ್ಯಾನ್ಲಿ ವಿಟಿಂಗ್‌ಹ್ಯಾಮ್ ಮತ್ತು ಅಕಿರಾ ಯೋಶಿನೋ ಅವರಿಗೆ 2019ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು. ಗುಡ್‌ಇನಫ್ ಅವರಿಗೆ ಆಗ 97 ವರ್ಷ. ಸೆಲ್ಲಿನ ಒಂದು ಬದಿಗೆ ಗ್ರಾಫೈಟ್, ಅಂದರೆ ಪೆನ್ಸಿಲ್ ಕಡ್ಡಿಯಲ್ಲಿರುವ ವಸ್ತುವೇ, ಪದರ ಪದರವಾಗಿ ಇರುತ್ತದೆ. ಇನ್ನೊಂದು ಬದಿಗೆ ಕೋಬಾಲ್ಟ್, ನಿಕ್ಕಲ್‌ನಂಥ ಲೋಹಗಳ ಆಕ್ಸೈಡ್. ಚಾರ್ಜ್ ಮಾಡುವಾಗ ಲಿಥಿಯಂ ಅಯಾನುಗಳು ಆಕ್ಸೈಡಿನಿಂದ ಹೊರಟು, ನಡುವಿನ ದ್ರವವನ್ನು ದಾಟಿ, ಗ್ರಾಫೈಟಿನ ಪದರಗಳ ಸಂದಿಗೆ ಹೋಗಿ ಕೂರುತ್ತವೆ. ನಾವು ಕೆಲಸ ಮಾಡುವಾಗ ಬಂದ ದಾರಿಯಲ್ಲೇ ಮರಳುತ್ತವೆ.

ನನ್ನ ಅಪ್ಪ ಹತ್ತಿ ಜಿನ್ನಿಂಗ್ ಕಾರ್ಖಾನೆಯಲ್ಲಿ ದುಡಿದವರು. ಅಂಡಿಗೆ, ಅಂದರೆ ಹತ್ತಿಯ ದೊಡ್ಡ ಚೀಲ, ತುಂಬುವುದನ್ನು ನಾನು ಚಿಕ್ಕಂದಿನಲ್ಲಿ ನೋಡಿದ್ದೇನೆ. ಮುಕ್ಕಾಲು ಭಾಗದವರೆಗೆ ಹತ್ತಿ ತಾನಾಗಿ ಒಳಗೆ ಇಳಿಯುತ್ತದೆ. ಆಮೇಲೆ ಆಳು ಅಂಡಿಗೆಯೊಳಗೆ ಇಳಿದು ತುಳಿಯಬೇಕು. ಕೊನೆಯ ತುಳಿತಕ್ಕೆ ಹೊಲಿಗೆಯ ದಾರ ಬಿಗಿದು ಕಿರುಗುಟ್ಟುತ್ತದೆ. ಹಾಗೆ ತುಳಿದು ತುಂಬಿದ ಅಂಡಿಗೆಯನ್ನು ಬೇಗ ಸಾಗಿಸುತ್ತಿದ್ದರು, ಹೆಚ್ಚು ದಿನ ಅಂಗಳದಲ್ಲಿ ಬಿಟ್ಟರೆ ಹೊಲಿಗೆ ಬಿಡುತ್ತದೆ ಎಂದು ಅಪ್ಪ ಹೇಳುತ್ತಿದ್ದರು. ಬ್ಯಾಟರಿಯ 80ರಿಂದ 100ರವರೆಗಿನ ಚಾರ್ಜು ನನಗೆ ಆ ಕೊನೆಯ ತುಳಿತವಾಗಿಯೇ ಅರ್ಥವಾಯಿತು. ಪೂರ್ತಿ ತುಂಬಿದ ಸೆಲ್ಲಿನಲ್ಲಿ ಸಾಮಾನ್ಯವಾಗಿ 4.2 ವೋಲ್ಟ್ ಒತ್ತಡವಿರುತ್ತದೆ. ಆ ಒತ್ತಡದಲ್ಲಿ ಒಳಗಿನ ದ್ರವ ಸ್ವಲ್ಪ ಸ್ವಲ್ಪವಾಗಿ ಒಡೆಯುತ್ತದೆ, ಅದರ ಕಿಟ್ಟ ಪದರಗಳ ಮೇಲೆ ಕೂರುತ್ತದೆ, ಓಡಾಡಬೇಕಾದ ಲಿಥಿಯಂ ಆ ಕಿಟ್ಟದಲ್ಲಿ ಸಿಕ್ಕಿ ಕಳೆದುಹೋಗುತ್ತದೆ. ಕೆಲವೊಮ್ಮೆ ಅನಿಲವೂ ಹುಟ್ಟುತ್ತದೆ. ಬಿಸಿ ಸೇರಿದರೆ ಇವೆಲ್ಲ ಹಲವು ಪಟ್ಟು ಬೇಗ ನಡೆಯುತ್ತವೆ. ಸಾಮಾನ್ಯವಾಗಿ ಈ ಸೆಲ್‌ಗಳನ್ನು 45 ಡಿಗ್ರಿಗಿಂತ ಮೇಲೆ ಚಾರ್ಜ್ ಮಾಡಬಾರದು ಎನ್ನುತ್ತಾರೆ. ತಗಡಿನ ಕೆಳಗೆ, ಗಾದಿಯ ಮೇಲೆ, ನೂಲಿನ ಧೂಳು ಕಟ್ಟಿದ ಯಂತ್ರದೊಳಗೆ ಎಷ್ಟಿತ್ತೋ ನೀವೇ ಲೆಕ್ಕ ಹಾಕಿ.

ಬ್ಯಾಟರಿ ಸವೆಯುವುದು ಬಳಸುವುದರಿಂದ ಎಂದೇ ನಾವು ತಿಳಿದಿರುತ್ತೇವೆ. ನನ್ನದು ಬಳಸದೆಯೇ ಹೋದದ್ದು. ಅದಕ್ಕೆ ಪುರಾವೆ ನನ್ನ ಹತ್ತಿರವೇ ಇತ್ತು. ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು, ಇಂಗ್ಲಿಷ್ ಅಕ್ಷರಗಳಲ್ಲಿ ‘ಪವರ್‌ಸಿಎಫ್‌ಜಿ’ ಎಂದು ಬರೆದು, ಒಂದು ಜಾಗ ಬಿಟ್ಟು, ಓರೆಗೆರೆ (/) ಹಾಕಿ, ‘ಬ್ಯಾಟರಿರಿಪೋರ್ಟ್’ ಎಂದು ಒಂದೇ ಪದವಾಗಿ ಸೇರಿಸಿ ಎಂಟರ್ ಒತ್ತಿದರೆ ಒಂದು ವರದಿ ಸಿಗುತ್ತದೆ. ಅದನ್ನು ಎಲ್ಲಿ ಉಳಿಸಿದೆ ಎಂಬುದನ್ನೂ ಅದೇ ತಿಳಿಸುತ್ತದೆ. ಏಪ್ರಿಲ್ 20ರಂದು, ಬ್ಯಾಟರಿ ತೆಗೆಯುವ ಮೊದಲು, ಆ ಹುಡುಗ ನನ್ನ ಮುಂದೆಯೇ ಇದನ್ನು ತೆಗೆದು ತೋರಿಸಿದ್ದ. ಹೊಸದಾಗಿದ್ದಾಗಿನ ಸಾಮರ್ಥ್ಯ 41,440 ಮಿಲಿವ್ಯಾಟ್-ಗಂಟೆ. ಈಗ ಪೂರ್ತಿ ತುಂಬಿದರೆ ಹಿಡಿಯುವುದು 22,790. ಶೇಕಡ 55. ಸೈಕಲ್ ಎಣಿಕೆ ಬರೀ 94. ಇಂದು ಅರ್ಧ, ನಾಳೆ ಅರ್ಧ ಬಳಸಿದರೆ ಒಂದು ಸೈಕಲ್. ಸಾಮಾನ್ಯ ಲ್ಯಾಪ್‌ಟಾಪ್ ಬ್ಯಾಟರಿ 300ರಿಂದ 500 ಸೈಕಲ್, ಕೆಲವು 1,000ದವರೆಗೂ ಮುಗಿಸಿ ಶೇಕಡ 80ರ ಹತ್ತಿರ ಉಳಿಯಬೇಕು. ಲೆಕ್ಕ ಬರೆಯುವವಳಿಗೆ ಅಂಕಿಯ ಮಾತು ಬೇಗ ತಾಗುತ್ತದೆ. ನೂರು ಸೈಕಲ್ಲೂ ಓಡದ ಬ್ಯಾಟರಿ ಅರ್ಧಕ್ಕೆ ಬಂದಿತ್ತು.

ಹೊಸ ಬ್ಯಾಟರಿಗೆ 4,200 ರೂಪಾಯಿ ಆಯಿತು. 1,600ಕ್ಕೂ ಒಂದು ಸಿಗುತ್ತದೆ ಎಂದು ಬೇರೊಂದು ಕಡೆ ಹೇಳಿದ್ದರು. ಆ ಪೆಟ್ಟಿಗೆಯ ಮೇಲೆ ಬಿಐಎಸ್, ಅಂದರೆ ಭಾರತೀಯ ಮಾನಕ ಬ್ಯೂರೋದ, ನೋಂದಣಿ ಸಂಖ್ಯೆಯಾಗಲಿ, ಲಿಥಿಯಂ ಬ್ಯಾಟರಿಗಳಿಗೆ ಕಡ್ಡಾಯವಾದ ಐಎಸ್ 16046 ಎಂಬ ಮಾನಕದ ಗುರುತಾಗಲಿ ಇರಲಿಲ್ಲ. ಬೇಡವೆಂದೆ. ಬಟ್ಟೆ ಥಾನುಗಳ ನಡುವೆ ಇಡುವ ವಸ್ತುವಿನಲ್ಲಿ ಎರಡೂವರೆ ಸಾವಿರ ಉಳಿಸುವುದು ಉಳಿತಾಯವೆಂದು ನನಗೆ ಅನ್ನಿಸಲಿಲ್ಲ.

ಅಂದಿನಿಂದ ನಡೆಸಿಕೊಂಡು ಬಂದ ಕ್ರಮ ಇಷ್ಟು. ಅವ್ವನ ಅಡುಗೆಮನೆಯಲ್ಲಿ ಹಳೆಯ ಹಲಸಿನ ಮಣೆಗಳಿದ್ದವು, ಊಟಕ್ಕೆ ಕೂರುವಂಥವು. ಒಂದನ್ನು ತಂದು ಗಾದಿಯ ಮೇಲೆ ಇಟ್ಟೆ. ಕೆಳಗಿನ ಎರಡು ಅಡ್ಡಪಟ್ಟಿಗಳಿಂದ ಅದು ಹಾಸಿಗಿಂತ ಎರಡು ಬೆರಳು ಮೇಲೆ ನಿಲ್ಲುತ್ತದೆ. ಲ್ಯಾಪ್‌ಟಾಪಿನ ರಬ್ಬರ್ ಕಾಲುಗಳು ಗಟ್ಟಿ ಮರದ ಮೇಲೆ ಕೂರುವುದರಿಂದ ತಳಕ್ಕೆ ಗಾಳಿ ಸಿಗುತ್ತದೆ. ಕೈಯಿಟ್ಟು ನೋಡಿದರೇ ವ್ಯತ್ಯಾಸ ಗೊತ್ತಾಗುತ್ತದೆ. ಮೊದಲು ಮಧ್ಯಾಹ್ನ ಎರಡರ ಹೊತ್ತಿಗೆ ಅಂಗೈ ಇಡಲಾಗದಷ್ಟು ಸುಡುತ್ತಿದ್ದ ಜಾಗ ಈಗ ಬೆಚ್ಚಗಿರುತ್ತದೆ, ಅಷ್ಟೇ. ತಂಪು ಮಾಡಲೆಂದು ಒದ್ದೆ ಬಟ್ಟೆ ಹಾಸುವವರನ್ನು ನೋಡಿದ್ದೇನೆ. ನೀರು ಒಳಗೆ ಹೋದರೆ ಬ್ಯಾಟರಿಗಿಂತ ದೊಡ್ಡ ನಷ್ಟ, ಖಂಡಿತ ಬೇಡ. ಆರು ತಿಂಗಳಿಗೊಮ್ಮೆ ಫ್ಯಾನ್ ಬಿಚ್ಚಿಸಿ ನೂಲು ತೆಗೆಸುತ್ತೇನೆ.

ಎರಡನೆಯದು, ಚಾರ್ಜಿಗೆ ಮಿತಿ. ಈಗಿನ ಬಹುತೇಕ ಲ್ಯಾಪ್‌ಟಾಪ್‌ಗಳಲ್ಲಿ ಇದಕ್ಕೆ ವ್ಯವಸ್ಥೆ ಇದೆ. ಲೆನೊವೊದಲ್ಲಿ ವ್ಯಾಂಟೇಜ್ ಎಂಬ ತಂತ್ರಾಂಶದ ಕನ್ಸರ್ವೇಶನ್ ಮೋಡ್, ಏಸಸ್‌ನಲ್ಲಿ ಮೈಏಸಸ್ ಒಳಗೆ ಬ್ಯಾಟರಿ ಆರೈಕೆಯ ಆಯ್ಕೆ, ಡೆಲ್ ಮತ್ತು ಎಚ್‌ಪಿಯ ಹಲವು ಮಾದರಿಗಳಲ್ಲಿ ಲ್ಯಾಪ್‌ಟಾಪ್ ಶುರುವಾಗುವಾಗ ತೆರೆಯಬಹುದಾದ ಬಯಾಸ್ ಎಂಬ ಸೆಟ್ಟಿಂಗ್‌ನೊಳಗೇ ಇರುತ್ತದೆ. ಒಮ್ಮೆ 80ಕ್ಕೆ ನಿಲ್ಲಿಸಿಟ್ಟರೆ ಚಾರ್ಜರ್ ಸಿಕ್ಕಿಸಿಯೇ ಕೆಲಸ ಮಾಡಬಹುದು, ಕೊನೆಯ ತುಳಿತ ಬೀಳುವುದಿಲ್ಲ. ಅಂಥ ಆಯ್ಕೆ ಇಲ್ಲದಿದ್ದರೆ 80ರ ಸುಮಾರಿಗೆ ಪ್ಲಗ್ ತೆಗೆದು, 30ಕ್ಕೆ ಇಳಿದಾಗ ಹಾಕಿದರೆ ಸಾಕು. ಪ್ರತಿ ತಿಂಗಳ 10 ಮತ್ತು 19ರಂದು ಮಾತ್ರ ಮಿತಿ ತೆಗೆದು 100 ಮಾಡಿಕೊಳ್ಳುತ್ತೇನೆ. ಬ್ಯಾಟರಿ ಇರುವುದು ಆ ಎರಡು ದಿನಕ್ಕಾಗಿಯೇ, ಆಗ ಜಿಪುಣತನ ಮಾಡುವುದಿಲ್ಲ. ಒಂದೆರಡು ದಿನ ತುಂಬಿದ್ದರೆ ಏನೂ ಆಗುವುದಿಲ್ಲ. ವರ್ಷಗಟ್ಟಲೆ ತುಂಬಿ, ಬಿಸಿಯಲ್ಲಿ ಇಡುವುದೇ ಕೆಡಕು.

ಸ್ಕೂಟರಿನಲ್ಲಿ ಅಂಗಡಿಯಿಂದ ಅಂಗಡಿಗೆ ಹೋಗುವಾಗ ಮೊದಲು ಮುಚ್ಚಳ ಮುಚ್ಚಿ ಚೀಲಕ್ಕೆ ಹಾಕಿಬಿಡುತ್ತಿದ್ದೆ. ಮುಚ್ಚಿದ ಲ್ಯಾಪ್‌ಟಾಪ್ ನಿದ್ದೆಯಲ್ಲಿರುತ್ತದೆ, ಆರಿರುವುದಿಲ್ಲ. ಚೀಲದೊಳಗೆ ತಾನಾಗಿ ಎಚ್ಚೆತ್ತು ಫ್ಯಾನ್ ತಿರುಗಿಸುತ್ತಾ ಕಾದದ್ದನ್ನು ಎರಡು ಸಲ ಕಂಡಿದ್ದೇನೆ. ಈಗ ಪೂರ್ತಿ ಆರಿಸಿಯೇ ಹಾಕುತ್ತೇನೆ. ಕಪ್ಪು ಚೀಲವನ್ನು ಬದಲಿಸಿ ತಿಳಿ ಬಣ್ಣದ ದಪ್ಪ ಕ್ಯಾನ್ವಾಸ್ ಚೀಲ ಹೊಲಿಸಿಕೊಂಡೆ. ಬಿಸಿಲಿನಿಂದ ಬಂದ ತಕ್ಷಣ ಚಾರ್ಜಿಗೆ ಹಾಕುವುದಿಲ್ಲ, ಹತ್ತು ನಿಮಿಷ ನೆರಳಲ್ಲಿ ಬಿಡುತ್ತೇನೆ.

ಹರಿಹರದಲ್ಲಿರುವ ತಂಗಿಯದು ಇನ್ನೊಂದು ಬಗೆ. ಕೊರೊನಾ ಕಾಲದ ಆನ್‌ಲೈನ್ ಪಾಠ ಮುಗಿದ ಮೇಲೆ ಮಗನ ಲ್ಯಾಪ್‌ಟಾಪನ್ನು ಸೊನ್ನೆ ಚಾರ್ಜಿನಲ್ಲೇ ಬೀರುವಿನಲ್ಲಿಟ್ಟಳು. ವರ್ಷದ ಮೇಲೆ ತೆಗೆದಾಗ ಚಾರ್ಜನ್ನೇ ತೆಗೆದುಕೊಳ್ಳಲಿಲ್ಲ. ತೀರಾ ಆಳಕ್ಕೆ ಇಳಿದ ಸೆಲ್ಲಿನೊಳಗೆ ತಾಮ್ರದ ಹಾಳೆ ಕರಗತೊಡಗುತ್ತದೆ. ಅಪಾಯವೆಂದು ರಕ್ಷಣಾ ಸರ್ಕ್ಯೂಟೇ ಚಾರ್ಜಿಗೆ ತಡೆ ಹಾಕುತ್ತದೆ. ಬಹಳ ದಿನ ಬಳಸದೆ ಇಡುವುದಾದರೆ ಅರ್ಧ ತುಂಬಿಸಿ, ಆರಿಸಿ, ಮನೆಯ ತಂಪಾದ ಜಾಗದಲ್ಲಿಡಿ, ಎರಡು ಮೂರು ತಿಂಗಳಿಗೊಮ್ಮೆ ತೆಗೆದು ನೋಡಿ. ನಮ್ಮಲ್ಲಿ ದುಗ್ಗಮ್ಮನ ಜಾತ್ರೆಯ ಸಮಯದಲ್ಲಿ ವಾರಗಟ್ಟಲೆ ಕೆಲಸ ನಿಂತಾಗ ನಾನೂ 50ಕ್ಕೆ ಬಿಟ್ಟೇ ಇಟ್ಟಿರುತ್ತೇನೆ.

ಇನ್ನೊಂದು ವಿಷಯ. 80ಕ್ಕೇ ನಿಲ್ಲಿಸುತ್ತಾ ಹೋದರೆ ತುಂಬಿದ್ದೆಷ್ಟು, ಉಳಿದದ್ದೆಷ್ಟು ಎಂಬ ಅಂದಾಜು ಲ್ಯಾಪ್‌ಟಾಪಿಗೆ ತಪ್ಪುತ್ತದೆ. ಮೂರು ತಿಂಗಳಿಗೊಮ್ಮೆ 100ಕ್ಕೆ ತುಂಬಿಸಿ, 10ರ ಸುಮಾರಿಗೆ ಇಳಿಸಿ, ಮತ್ತೆ ತುಂಬಿಸಿದರೆ ಅಂಕಿ ಸರಿಹೋಗುತ್ತದೆ. ಇದು ತಕ್ಕಡಿಯ ಮುಳ್ಳನ್ನು ಸರಿಪಡಿಸಿದಂತೆ. ಇದರಿಂದ ಬ್ಯಾಟರಿಗೆ ಹೊಸ ಶಕ್ತಿ ಬರುವುದಿಲ್ಲ.

ಹಳೆಯ ಬ್ಯಾಟರಿಯನ್ನು ಪಾಲಿಕೆಯ ಕಸದ ಗಾಡಿಗೆ ಹಾಕಬೇಡಿ. ಗಾಡಿಯಲ್ಲಿ ಅದು ಜಜ್ಜಿದರೆ ಬೆಂಕಿ ಏಳಬಹುದು, ಕೈಯಲ್ಲಿ ಕಸ ಬೇರ್ಪಡಿಸುವವರು ಅಲ್ಲಿರುತ್ತಾರೆ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಬಳಸಿದ ಬ್ಯಾಟರಿಗಳ ಸಂಗ್ರಹ ಮತ್ತು ಮರುಬಳಕೆಯ ಹೊಣೆ ಉತ್ಪಾದಕರದು. ಕೊಂಡ ಅಂಗಡಿಯಲ್ಲಿ ಇಲ್ಲವೇ ಕಂಪನಿಯ ಸೇವಾ ಕೇಂದ್ರದಲ್ಲಿ ಕೇಳಿ ಒಪ್ಪಿಸಿ. ನನ್ನದನ್ನು ಆ ಹುಡುಗನೇ ಇ-ತ್ಯಾಜ್ಯ ಒಯ್ಯುವವರಿಗೆ ಕೊಟ್ಟ.

ಕಳೆದ ವಾರ ಮತ್ತೆ ವರದಿ ತೆಗೆದೆ. ಈ ಬ್ಯಾಟರಿಗೆ ಮೂರು ವರ್ಷ ದಾಟಿದೆ, ಹಿಂದಿನದು ಉಬ್ಬಿದ ವಯಸ್ಸನ್ನು ಮೀರಿದೆ. ಸೈಕಲ್ ಎಣಿಕೆ 301, ಅಂದರೆ ಹಿಂದಿನದಕ್ಕಿಂತ ಮೂರು ಪಟ್ಟು ದುಡಿದಿದೆ. ಹಿಡಿಯುವ ಚಾರ್ಜು 35,640, ಶೇಕಡ 86. ಮೊನ್ನೆ 19ರ ಸಂಜೆ ಗಾಳಿಮಳೆಗೆ ಚೌಕಿಪೇಟೆಯಲ್ಲಿ ಎರಡು ಗಂಟೆ ಕರೆಂಟ್ ಇರಲಿಲ್ಲ. ಸಾಹುಕಾರರು ಇನ್ವರ್ಟರಿನ ಒಂದು ದೀಪ ನನ್ನ ಕಡೆ ತಿರುಗಿಸಿದರು. ತಾಳೆ ಮುಗಿದಾಗ ಮೂಲೆಯಲ್ಲಿ 38 ಉಳಿದಿತ್ತು. ಅವರು ಮಣೆಯ ಕಡೆ ನೋಡಿ, ಮಂಡಿಪೇಟೆಯ ಎಣ್ಣೆ ಅಂಗಡಿಯ ಹುಡುಗನೂ ಲ್ಯಾಪ್‌ಟಾಪನ್ನು ಗಾದಿಯ ಮೇಲೆಯೇ ಇಟ್ಟುಕೊಳ್ಳುತ್ತಾನೆ, ಅವನಿಗೂ ಹೇಳು ತಾಯಿ ಎಂದರು. ಅವ್ವನ ಅಡುಗೆಮನೆಯಲ್ಲಿ ಇನ್ನೂ ಎರಡು ಮಣೆಗಳಿವೆ. ನಾಳೆ ಒಂದನ್ನು ಒರೆಸಿ ಸ್ಕೂಟರಿನಲ್ಲಿ ಇಟ್ಟುಕೊಂಡು ಹೋಗುತ್ತೇನೆ.